ಜಾರ್ಜ್ ಫರ್ನಾಂಡಿಸ್: ಗುರುಮಠದಿಂದ ರಕ್ಷಣಾ ಖಾತೆಗೆ

ಕನ್ನಡನಾಡಿನ ಕಥೋಲಿಕ ಮನೆತನವೊಂದರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ದೇಶದ ರಕ್ಷಣೆಯ ಹೊಣೆ ಹೊತ್ತ ದಿವಂಗತ ಜಾರ್ಜ್ ಫರ್ನಾಂಡಿಸರ ಬಾಳನ್ನು ಈ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

1930ನೆಯ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿದ ಇವರು ಆರು ಮಂದಿ ಸೋದರರಲ್ಲಿ ಹಿರಿಯರು. ಮಗನು ಗುರುವಾಗಲೆಂಬ ಮನೆಯವರ ಹಂಬಲದಂತೆ 1946ರಲ್ಲಿ ಬೆಂಗಳೂರಿನ ಸಂತ ಪೇತ್ರರ ಗುರುಮಠವನ್ನು ಸೇರಿದರು. ಅಲ್ಲಿ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಊಟದ ಮೇಜಿನಲ್ಲಿದ್ದ ಭೇದವು ತಮ್ಮ ಎಳೆಯ ಮನಸ್ಸನ್ನು ನೋಯಿಸಿತೆಂದು ಅವರು ಮುಂದೆ ಹೇಳಿಕೊಂಡರು. ಎರಡೂವರೆ ವರ್ಷಗಳ ತರುವಾಯ ಗುರುಮಠವನ್ನು ಬಿಟ್ಟರು. ಬಡವರ ಚಿಂತೆಯನ್ನು ಮಾತ್ರ ಬಿಡಲಿಲ್ಲ.

ಮುಂಬಯಿ ಸೇರಿದ ತರುಣನಿಗೆ ಮೊದಮೊದಲು ಚೌಪಾಟಿಯ ಬೆಂಚೇ ಹಾಸಿಗೆಯಾಯಿತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ'ಮೆಲ್ಲೊ ಹಾಗೂ ರಾಮಮನೋಹರ ಲೋಹಿಯಾ ಅವರಿಗೆ ದಾರಿ ತೋರಿದರು. ಹೋಟೆಲು, ಟ್ಯಾಕ್ಸಿ, ನಗರಪಾಲಿಕೆಯ ದುಡಿಮೆಗಾರರನ್ನು ಸಂಘಟಿಸಿ, 1967ರ ಚುನಾವಣೆಯಲ್ಲಿ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದರು. 1974ರ ಮಹಾ ರೈಲ್ವೆ ಮುಷ್ಕರದ ಮುಂದಾಳು ಇವರೇ. ತುರ್ತು ಪರಿಸ್ಥಿತಿಯಲ್ಲಿ ಭೂಗತರಾಗಿದ್ದು, 1976ರಲ್ಲಿ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಬಂಧಿತರಾದರು. 1977ರಲ್ಲಿ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಗೆದ್ದು, ಕೈಗಾರಿಕಾ ಮಂತ್ರಿಯಾದರು. 1989ರಲ್ಲಿ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲುಮಾರ್ಗಕ್ಕೆ ಚಾಲನೆ ನೀಡಿದರು.

1998ರ ಮಾರ್ಚಿಯಲ್ಲಿ ರಕ್ಷಣಾ ಖಾತೆ ಅವರ ಪಾಲಿಗೆ ಬಂದಿತು. ಅಣ್ವಸ್ತ್ರವನ್ನು ವಿರೋಧಿಸುತ್ತಿದ್ದವರ ಕಾಲದಲ್ಲಿಯೇ ಅದೇ ಮೇ ತಿಂಗಳಲ್ಲಿ ಪೋಖರಣ್ ಪರೀಕ್ಷೆ ನಡೆಯಿತು. 1999ರ ಕಾರ್ಗಿಲ್ ಸಮರದಲ್ಲಿ 527 ಯೋಧರು ಪ್ರಾಣ ತೆತ್ತರು. ಜುಲೈ 26ಕ್ಕೆ ವಿಜಯ ಲಭಿಸಿತು. ಸಿಯಾಚಿನ್ ಹಿಮಗಡ್ಡೆಗೆ ಹಲವು ಬಾರಿ ಹೋಗಿ ಸೈನಿಕರ ಕಷ್ಟವನ್ನು ಕಣ್ಣಾರೆ ಕಂಡ ಮಂತ್ರಿ ಅವರು. ಹಿಮದಲ್ಲಿ ಚಲಿಸುವ ವಾಹನಗಳ ಖರೀದಿ ತಡವಾದಾಗ, ಕಡತ ಹಿಡಿದಿದ್ದ ಅಧಿಕಾರಿಗಳನ್ನೇ ಅಲ್ಲಿಗೆ ಕಳುಹಿಸಿದರು. ಮಕ್ಕಳನ್ನು ಸೇನೆಗೆ ಕಳುಹಿಸಿರುವ ನಮ್ಮ ಬೆಳಗಾವಿ ಸೀಮೆಯ ತಾಯಿತಂದೆಯರಿಗೆ ಇದರ ಬೆಲೆ ತಿಳಿಯದಿರದು.

ಅವರ ಬಾಳಿನ ನೆರಳನ್ನು ಮರೆಮಾಚಲಾರೆವು. 2001ರಲ್ಲಿ ತೆಹಲ್ಕಾ ಪ್ರಕರಣದಿಂದ ರಾಜೀನಾಮೆಯಿತ್ತು, ಅದೇ ಅಕ್ಟೋಬರಿನಲ್ಲಿ ಮರಳಿದರು. 1999ರ ಜನವರಿಯಲ್ಲಿ ಒರಿಸ್ಸಾದಲ್ಲಿ ಗ್ರಹಾಂ ಸ್ಟೇನ್ಸರನ್ನೂ ಅವರ ಇಬ್ಬರು ಪುತ್ರರನ್ನೂ ಸುಟ್ಟ ಬಳಿಕವೂ ಭಾರತೀಯ ಜನತಾ ಪಕ್ಷದ ಮೈತ್ರಿಯನ್ನು ತೊರೆಯದಿದ್ದುದು ಅನೇಕ ಕ್ರೈಸ್ತರಿಗೆ ನೋವು ತಂದಿತು. ಅಧಿಕಾರದೊಳಗಿದ್ದು ಒಳಿತು ಮಾಡುವುದೋ, ಹೊರಬಂದು ನುಡಿಯುವುದೋ ಎಂಬ ಪ್ರಶ್ನೆ ಸಾರ್ವಜನಿಕ ಜೀವನಕ್ಕಿಳಿಯುವ ಪ್ರತಿಯೊಬ್ಬ ವಿಶ್ವಾಸಿಯ ಮುಂದೆಯೂ ಇದೆ.

ದೀರ್ಘಕಾಲ ಮರೆವಿನ ವ್ಯಾಧಿಯಿಂದ ಬಳಲಿ 2019ರ ಜನವರಿ 29ರಂದು ದೆಹಲಿಯಲ್ಲಿ ನಿಧನರಾದರು. ದೇಹವನ್ನು ದಹಿಸಿ, ಬೂದಿಯನ್ನು ಕ್ರೈಸ್ತ ಸ್ಮಶಾನದಲ್ಲಿ ಹೂಳಲಾಯಿತು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ದುಡಿಯುವವರ ಪರವಾಗಿ ನಿಲ್ಲುವ ಅವರ ಎದೆಗಾರಿಕೆ ನಮ್ಮ ಯುವಜನರಿಗೂ ದೊರೆಯಲೆಂದು ಹಾರೈಸುತ್ತೇವೆ.