ದಂಡ ಹಾಕದೆ ಕಾರಣ ಹುಡುಕಿದ ಮಾಲೀಕ: ಜಮ್‌ಶೆಡ್‌ಜಿ ಟಾಟಾ



ನಿಮ್ಮ ಅಂಗಡಿಯ ಕೆಲಸಗಾರ ಹೇಳದೆ ಕೇಳದೆ ರಜೆ ಹಾಕುತ್ತಾನೆ. ನೀವು ನಡೆಸುವ ಶಾಲೆಯ ಒಳ್ಳೆಯ ಶಿಕ್ಷಕಿ ವರ್ಷ ತುಂಬುವ ಮೊದಲೇ ಬೇರೆ ಶಾಲೆಗೆ ಹೊರಟುಹೋಗುತ್ತಾರೆ. ಆಗ ನಮ್ಮ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ. ಈಗಿನವರಿಗೆ ದುಡಿಯುವ ಮನಸ್ಸಿಲ್ಲ ಎನ್ನುತ್ತೇವೆ. ಅಷ್ಟು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸುತ್ತೇವೆ.

19ನೇ ಶತಮಾನದ ಕೊನೆಯಲ್ಲಿ ನಾಗಪುರದ ಒಬ್ಬ ಗಿರಣಿ ಮಾಲೀಕರ ಮುಂದೆಯೂ ಇದೇ ದೂರು ಬಂದಿತ್ತು. ಆದರೆ ಅವರು ವಿಷಯವನ್ನು ಅಲ್ಲಿಗೆ ಮುಗಿಸಲಿಲ್ಲ. ಅವರೇ ಜಮ್‌ಶೆಡ್‌ಜಿ ನಸರ್‌ವಾನ್‌ಜಿ ಟಾಟಾ. ಉಕ್ಕಿನ ಕಾರ್ಖಾನೆಯ ಕನಸು ಕಂಡವರೆಂದು, ಮುಂಬಯಿಯ ತಾಜ್ ಮಹಲ್ ಹೋಟೆಲ್ ಕಟ್ಟಿಸಿದವರೆಂದು ನೀವು ಅವರನ್ನು ಬಲ್ಲಿರಿ. ದುಡಿಯುವ ಜಾಗ ಹೇಗಿರುತ್ತದೆಯೋ ದುಡಿಯುವವನ ಮನಸ್ಸೂ ಹಾಗೆಯೇ ಇರುತ್ತದೆ ಎಂಬುದನ್ನು ಬಹಳ ಮೊದಲೇ ಅರಿತಿದ್ದ ಮಾಲೀಕ ಎಂಬ ಪರಿಚಯ ಮಾತ್ರ ನಮ್ಮಲ್ಲಿ ಅನೇಕರಿಗೆ ಇಲ್ಲ.

ಬಾಲ್ಯ ಮತ್ತು ವ್ಯಾಪಾರ

ಜಮ್‌ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಅವರದು ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿ ಪೌರೋಹಿತ್ಯ ಬಿಟ್ಟು ಮುಂಬಯಿಗೆ ಬಂದು ವ್ಯಾಪಾರ ಹಿಡಿದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಹೊರಬಂದು, ಮರುವರ್ಷವೇ ತಂದೆಯ ವ್ಯಾಪಾರದ ಸಲುವಾಗಿ ಹಾಂಗ್‌ಕಾಂಗ್‌ಗೆ ಹೋದರು. ಮುಂದೆ ಇಂಗ್ಲೆಂಡಿಗೆ ಹೋದಾಗ ಲ್ಯಾಂಕಶೈರ್‌ನ ಹತ್ತಿ ಗಿರಣಿಗಳನ್ನು ಕಣ್ಣಾರೆ ಕಂಡರು. ನಮ್ಮ ನೆಲದ ಹತ್ತಿ ಸಮುದ್ರ ದಾಟಿ ಹೋಗಿ ಬಟ್ಟೆಯಾಗಿ ಮರಳಿ ಬಂದು ನಮಗೇ ಮಾರಾಟವಾಗುತ್ತಿದ್ದ ಕಾಲವದು.

1869ರಲ್ಲಿ ಅವರು ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಬಟ್ಟೆ ಗಿರಣಿಯಾಗಿ ಪರಿವರ್ತಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಲಾಭಕ್ಕೆ ಮಾರಿದರು. 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಹೊಸ ಕಂಪನಿ ಸ್ಥಾಪಿಸಿದರು. ಎಲ್ಲರೂ ಮುಂಬಯಿಯಲ್ಲೇ ಗಿರಣಿ ಕಟ್ಟುತ್ತಿದ್ದಾಗ ಇವರು ಹತ್ತಿ ಬೆಳೆಯುವ ಪ್ರದೇಶಕ್ಕೆ ಹತ್ತಿರವಾದ ನಾಗಪುರವನ್ನು ಆರಿಸಿಕೊಂಡರು. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ ಆರಂಭವಾಯಿತು.

ಬಾರದ ಕಾರ್ಮಿಕರು

ಗಿರಣಿಯೇನೋ ಎದ್ದು ನಿಂತಿತು, ಆದರೆ ಕಾರ್ಮಿಕರು ನಿಲ್ಲಲಿಲ್ಲ. ಸಾಮಾನ್ಯ ದಿನಗಳಲ್ಲೂ ಐವರಲ್ಲಿ ಒಬ್ಬರು ಕೆಲಸಕ್ಕೆ ಬರುತ್ತಿರಲಿಲ್ಲ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೊಲದ ಬದುಕಿಗೆ ಒಗ್ಗಿದ ಜನಕ್ಕೆ ಸೀಟಿ ಊದಿದಾಗ ಬಂದು, ಸೀಟಿ ಊದಿದಾಗ ಹೋಗುವ ಯಂತ್ರದ ಶಿಸ್ತು ಹೊಸದು. ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ನಾಲ್ಕು ದಿನ ಮನೆಯಲ್ಲಿ ಉಳಿಯುತ್ತಿದ್ದರು. ಆ ಕಾಲದ ಗಿರಣಿಗಳಲ್ಲಿ ಇದಕ್ಕೆಲ್ಲ ಇದ್ದ ಮದ್ದು ದಂಡ ಮತ್ತು ವಜಾ.

ಓದುಗರೇ, ಆಗಿನ ಗಿರಣಿಯ ಒಳಗನ್ನು ಒಮ್ಮೆ ಊಹಿಸಿಕೊಳ್ಳಿ. ನಾಗಪುರದ ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಗಾಳಿಯ ತುಂಬ ಹತ್ತಿಯ ಧೂಳು, ಉಸಿರೆಳೆದರೆ ಅದೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಯಂತ್ರಗಳ ಸದ್ದಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಎಲ್ಲಿ ನೋಡಿದರೂ ಹತ್ತಿ, ಒಂದು ಕಿಡಿ ಬಿದ್ದರೆ ಸಾಕು. ಯಂತ್ರಕ್ಕೆ ಕೈ ಸಿಕ್ಕಿ ಹೋದರೆ ಸಂಸಾರಕ್ಕೆ ದಿಕ್ಕಿಲ್ಲ. ದೇಶದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಅದು ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಹನ್ನೆರಡರೊಳಗಿನವರನ್ನು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತೇ ಹೊರತು ವಯಸ್ಕ ಗಂಡಸಿನ ದುಡಿಮೆಗೆ ಮಿತಿಯನ್ನೇ ಹಾಕಲಿಲ್ಲ. ಇಂಥ ಕಡೆಗೆ ದಿನವೂ ಬರಲು ಯಾರಿಗೆ ತಾನೇ ಮನಸ್ಸಾದೀತು?

ಜಮ್‌ಶೆಡ್‌ಜಿ ಮೊದಲು ಕೈಹಾಕಿದ್ದು ಗಿರಣಿಯ ಗಾಳಿಗೆ. ಗಾಳಿಯಾಡುವ ವ್ಯವಸ್ಥೆ, ತೇವಾಂಶ ಕಾಯುವ ಯಂತ್ರಗಳು, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಕೊಳವೆಗಳು ಅವರ ಗಿರಣಿಗೆ ಬಂದವು. ಇದರಲ್ಲಿ ವ್ಯಾಪಾರದ ಬುದ್ಧಿಯೂ ಇತ್ತು. ಒಣ ಗಾಳಿಯಲ್ಲಿ ನೂಲು ಪದೇ ಪದೇ ಕಡಿಯುತ್ತದೆ, ತೇವವಿದ್ದರೆ ಕಡಿಯುವುದು ಕಡಿಮೆ. ನೂಲಿಗೆ ಹಿತವಾದ ವ್ಯವಸ್ಥೆಯೊಡನೆ ಗಾಳಿಯ ಓಡಾಟವೂ ಸೇರಿದಾಗ ನೂಲುವವನಿಗೂ ಹಿತವಾಯಿತು.

ಎರಡನೆಯದಾಗಿ ಅವರು ಕಾರ್ಮಿಕನ ನಾಳೆಯ ಚಿಂತೆಯನ್ನು ಗಮನಿಸಿದರು. 1886ರಲ್ಲಿ ಪಿಂಚಣಿ ನಿಧಿ ಆರಂಭಿಸಿದರು. 1895ರಲ್ಲಿ ಅಪಘಾತಕ್ಕೆ ಪರಿಹಾರ ನೀಡುವ ಕ್ರಮ ತಂದರು. ಅಪಘಾತ ಪರಿಹಾರವನ್ನು ಸರ್ಕಾರ ಕಾನೂನಾಗಿ ಮಾಡಿದ್ದು 1923ರಲ್ಲಿ, ಭವಿಷ್ಯ ನಿಧಿಯ ಕಾನೂನು ಬಂದದ್ದು 1952ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಮುಪ್ಪಿನಲ್ಲಿ ಏನಾದರೂ ಸಿಗುತ್ತದೆ ಎಂದು ಗೊತ್ತಾದವನಿಗೆ ಗಿರಣಿಯು ನಾಲ್ಕು ದಿನದ ತಂಗುದಾಣವಾಗಿ ಉಳಿಯುವುದಿಲ್ಲ.

ಮೂರನೆಯದು ಗೌರವ. ವರ್ಷಕ್ಕೊಮ್ಮೆ ಬಹುಮಾನದ ದಿನ, ಕಾರ್ಮಿಕರ ಸಂಸಾರವೂ ಸೇರುವ ಕ್ರೀಡಾಕೂಟ. ಚೆನ್ನಾಗಿ ದುಡಿದವನಿಗೆ ಎಲ್ಲರೆದುರು ಗಡಿಯಾರ, ಸರ, ಬಟ್ಟೆ ಕೊಡಲಾಗುತ್ತಿತ್ತು. ಹೆಂಡತಿ ಮಕ್ಕಳ ಕಣ್ಣೆದುರು ಸನ್ಮಾನ ಪಡೆದವನಿಗೆ ತನ್ನ ಕೆಲಸದ ಮೇಲೆ ಅಭಿಮಾನ ಮೂಡದೆ ಇರುತ್ತದೆಯೇ?

ಸೌಲಭ್ಯವೊಂದೇ ಸಾಲದು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಗಿರಣಿ ಆರಂಭವಾದ 1877ರಲ್ಲಿಯೇ ಕೂಲಿಯ ದರದ ವಿಷಯವಾಗಿ ಎಂಪ್ರೆಸ್ ಮಿಲ್‌ನ ಕಾರ್ಮಿಕರು ಮುಷ್ಕರ ಹೂಡಿದ್ದರು. ಭಾರತದ ಕಾರ್ಮಿಕ ಚರಿತ್ರೆಯ ಆರಂಭದ ಮುಷ್ಕರಗಳಲ್ಲಿ ಅದೂ ಒಂದು. ಒಳ್ಳೆಯ ಗಾಳಿ, ಬೆಳಕು, ಬಹುಮಾನ ಎಲ್ಲವೂ ಬೇಕು. ಆದರೆ ನ್ಯಾಯವಾದ ಕೂಲಿಯ ಸ್ಥಾನವನ್ನು ಅವು ತುಂಬಲಾರವು. ಜಮ್‌ಶೆಡ್‌ಜಿಯವರ ಪಿಂಚಣಿ ನಿಧಿ ಬಂದದ್ದು ಆ ಮುಷ್ಕರದ ಒಂಬತ್ತು ವರ್ಷಗಳ ನಂತರ ಎಂಬುದೂ ನೆನಪಿರಲಿ.

ಊರು ಕಟ್ಟುವ ಕನಸು

ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ಉಕ್ಕಿನ ಕಡೆಗೆ ತಿರುಗಿತು. ಕಾರ್ಖಾನೆಯ ಜಾಗವಿನ್ನೂ ಗೊತ್ತಾಗಿರಲಿಲ್ಲ. ಆಗಲೇ, 1902ರಲ್ಲಿ, ವಿದೇಶದಿಂದ ಮಗ ದೊರಾಬ್‌ಜಿಗೆ ಪತ್ರ ಬರೆದು ಕಾರ್ಮಿಕರ ಊರು ಹೇಗಿರಬೇಕೆಂದು ತಿಳಿಸಿದರು. ಬೀದಿಗಳು ಅಗಲವಾಗಿರಬೇಕು, ಬೇಗ ಬೆಳೆದು ನೆರಳು ಕೊಡುವ ಮರಗಳಿರಬೇಕು, ತೋಟಗಳೂ ಆಟದ ಬಯಲುಗಳೂ ಧಾರಾಳವಾಗಿರಬೇಕು, ದೇವಸ್ಥಾನಕ್ಕೂ ಮಸೀದಿಗೂ ಚರ್ಚಿಗೂ ಜಾಗ ಬಿಡಬೇಕು ಎಂಬುದು ಅದರ ಸಾರ. ದುಡಿಯುವವನು ಪ್ರಾರ್ಥಿಸುವ ಮನುಷ್ಯನೂ ಹೌದು ಎಂಬುದನ್ನು ಅವರು ಮರೆಯಲಿಲ್ಲ.

ಆ ಊರನ್ನು ನೋಡಲು ಅವರು ಉಳಿಯಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾದ್ ನಾಹೈಮ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ವಿಜ್ಞಾನ ಸಂಸ್ಥೆಗಾಗಿ ಅವರು 1898ರಲ್ಲೇ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಮೀಸಲಿಟ್ಟಿದ್ದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯಲ್ಲಿ ಆ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು.

ಉಕ್ಕಿನ ಕಾರ್ಖಾನೆಯನ್ನು ಮಗ ಕಟ್ಟಿದರು. 1911ರ ಕಾನೂನು ಬಟ್ಟೆ ಗಿರಣಿಗಳ ಗಂಡಸರಿಗೆ ದಿನಕ್ಕೆ 12 ಗಂಟೆಯ ದುಡಿಮೆಯನ್ನು ಒಪ್ಪಿತ್ತು. ಅದರ ಮರುವರ್ಷವೇ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ 8 ಗಂಟೆಯ ಪಾಳಿ ಜಾರಿಗೆ ಬಂತು. 1919ರಲ್ಲಿ ಆ ಊರಿಗೆ ಜಮ್‌ಶೆಡ್‌ಪುರ ಎಂಬ ಹೆಸರಾಯಿತು. ಅಲ್ಲಿಯೂ 1920ರಲ್ಲಿ ಮತ್ತು 1928ರಲ್ಲಿ ದೊಡ್ಡ ಮುಷ್ಕರಗಳು ನಡೆದವು. ಮುಂದೆ ಆ ಕಾರ್ಮಿಕರ ಸಂಘವನ್ನು ಮುನ್ನಡೆಸಿದವರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಪ್ರೊ. ಅಬ್ದುಲ್ ಬಾರಿಯವರು ಪ್ರಮುಖರು. ಮರದ ನೆರಳಿನಷ್ಟೇ ತನ್ನ ಮಾತು ಕೇಳುವ ಕಿವಿಯೂ ಕಾರ್ಮಿಕನಿಗೆ ಬೇಕು.

ನಮ್ಮ ಪಾಲಿನ ಪಾಠ

ಗಲ್ಫಿನಲ್ಲಿ ದುಡಿದು ಬಂದ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಂಪನಿಯಲ್ಲಿ ಹತ್ತು ವರ್ಷ ನಿಷ್ಠೆಯಿಂದ ನಿಂತವನೇ ಇನ್ನೊಂದರಲ್ಲಿ ಹತ್ತು ತಿಂಗಳು ನಿಲ್ಲಲಾಗದೆ ಮರಳಿದ್ದುಂಟು. ಮನುಷ್ಯ ಅವನೇ, ಬದಲಾದದ್ದು ಕೆಲಸದ ಜಾಗ.

ಕೂಲಿಯನ್ನು ತಡಮಾಡದೆ ಕೊಡಬೇಕು, ಶಕ್ತಿಗೆ ಮೀರಿದ ಭಾರ ಹೊರಿಸಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದವರು. ಅದನ್ನು ಜುಮಾದಲ್ಲಿ ಕೇಳಿ, ಶನಿವಾರ ಅಂಗಡಿಯ ಬಾಗಿಲು ತೆರೆಯುವಾಗ ಮರೆತರೆ ಏನು ಪ್ರಯೋಜನ?

ಹಾಗಾಗಿ ಓದುಗರೇ, ನೀವು ಅಂಗಡಿಯ ಮಾಲೀಕರಿರಬಹುದು, ಶಾಲೆಯ ಆಡಳಿತ ಮಂಡಳಿಯವರಿರಬಹುದು, ಬೇಕರಿಯನ್ನೋ ಹೋಟೆಲನ್ನೋ ನಡೆಸುವವರಿರಬಹುದು. ನಾಳೆ ನಿಮ್ಮ ಕೆಲಸಗಾರ ಬಾರದೆ ಹೋದರೆ ಸಂಬಳ ಕಡಿಯುವ ಮೊದಲು ಅವನು ದುಡಿಯುವ ಜಾಗದಲ್ಲಿ ಒಂದು ಗಂಟೆ ನಿಂತು ನೋಡಿ. ಅಲ್ಲಿ ಗಾಳಿ ಆಡುತ್ತದೆಯೇ? ಕುಡಿಯಲು ಶುದ್ಧ ನೀರಿದೆಯೇ? ಶಿಕ್ಷಕಿಯರಿಗೆ ಶುಚಿಯಾದ ಶೌಚಾಲಯ ಇದೆಯೇ? ನಮಾಝಿಗೆ ಹತ್ತು ನಿಮಿಷದ ಬಿಡುವಿದೆಯೇ? ಸಂಬಳ ಹೇಳಿದ ದಿನಕ್ಕೆ ಕೈ ಸೇರುತ್ತದೆಯೇ? ಅವನು ಕಷ್ಟ ಹೇಳಿಕೊಂಡಾಗ ಕೊನೆಯ ಸಲ ಕುಳಿತು ಕೇಳಿದ್ದು ಯಾವಾಗ? ಇದಕ್ಕೆಲ್ಲ ಟಾಟಾರ ಸಂಪತ್ತು ಬೇಕಾಗಿಲ್ಲ.

ನಮ್ಮ ಕೈಕೆಳಗೆ ದುಡಿಯುವವರ ಹಕ್ಕನ್ನು ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.