ಸಂತಾನನಿಯಮನ ಮತ್ತು ಪ್ರಭುತ್ವ: ಡಾ. ಅಂಬೇಡ್ಕರರ ಜೀವನದ ಒಂದು ಅಧ್ಯಾಯ

ಮುಂಬಯಿಯ ಫೋರ್ಟ್ ಪ್ರದೇಶದೊಡನೆ ಡಾ. ಭೀಮರಾವ್ ರಾಮಜಿ ಅಂಬೇಡ್ಕರರ ಸಂಬಂಧ ದೀರ್ಘವಾದುದು. ಅಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನಿಂದ 1912ರಲ್ಲಿ ಅವರು ಬಿ.ಎ. ಪದವೀಧರರಾದರು; 1923ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು; 1946ರಲ್ಲಿ ಆರಂಭವಾದ ಅವರ ಸಿದ್ಧಾರ್ಥ ಕಾಲೇಜು ಕೊನೆಗೆ ನೆಲೆಗೊಂಡದ್ದೂ ಅಲ್ಲಿಯೇ. ಸಂವಿಧಾನಶಿಲ್ಪಿಯೆಂದು, ಅಸ್ಪೃಶ್ಯತೆಯ ವಿರುದ್ಧ ಸೆಣಸಿದ ನಾಯಕರೆಂದು ಅವರನ್ನು ಕುರಿತು ಕನ್ನಡದಲ್ಲಿ ವಿಪುಲವಾಗಿ ಬರೆಯಲಾಗಿದೆ. ಆದರೆ ಮಕ್ಕಳನ್ನು ಹಡೆಯುವ ವಿಷಯದಲ್ಲಿ ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು ಎಂಬ ಪ್ರಶ್ನೆಗೆ ಅವರು ಮುಖಾಮುಖಿಯಾದ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಈ ಪ್ರಶ್ನೆ ಅವರಿಗೆ ಕೇವಲ ಪುಸ್ತಕದ್ದಾಗಿರಲಿಲ್ಲ. ರಾಮಜಿ-ಭೀಮಾಬಾಯಿ ದಂಪತಿಗಳ ಹದಿನಾಲ್ಕನೆಯ ಮಗುವಾಗಿ 1891ರಲ್ಲಿ ಜನಿಸಿದ ಭೀಮರಾವ್ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಅವರಿಗೂ ರಮಾಬಾಯಿಯವರಿಗೂ ಹುಟ್ಟಿದ ಐವರಲ್ಲಿ ಉಳಿದವನು ಯಶವಂತನೊಬ್ಬನೇ. ರಮೇಶ, ಗಂಗಾಧರ, ಇಂದು, ಕೊನೆಯವನಾದ ರಾಜರತ್ನ ಎಲ್ಲರೂ ಎಳೆಯ ವಯಸ್ಸಿನಲ್ಲಿ ತೀರಿಕೊಂಡರು. ಬಡತನ, ಹೆರಿಗೆ, ಶಿಶುಮರಣಗಳಿಂದ ಬಳಲಿದ ರಮಾಬಾಯಿ 1935ರಲ್ಲಿ ಕಣ್ಮರೆಯಾದರು.

1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಕಾರ್ಮಿಕ ಸ್ತ್ರೀಯರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರರು ಅದನ್ನು ಬೆಂಬಲಿಸಿದರು. ಬಾಣಂತಿಗೆ ದೊರೆಯುವ ವಿಶ್ರಾಂತಿ ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ್ದರಿಂದ ಅದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿರಬೇಕೆಂಬುದು ಅವರ ವಾದವಾಗಿತ್ತು. 1934ರಲ್ಲಿ, ಸಂತತಿನಿಯಮನದ ಪ್ರಚಾರಕ ರಘುನಾಥ ಧೋಂಡೋ ಕರ್ವೆಯವರ ‘ಸಮಾಜಸ್ವಾಸ್ಥ್ಯ’ ಮಾಸಿಕದ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಲ್ಪಟ್ಟಾಗ ಕರ್ವೆಯವರ ಪರವಾಗಿ ವಾದಿಸಿದರು. ಮೊಕದ್ದಮೆ ಸೋತಿತು, ಕರ್ವೆ ದಂಡ ತೆತ್ತರು. ಆದರೂ ತಿಳಿವಳಿಕೆ ನೀಡುವುದನ್ನೇ ಅಪರಾಧವೆನ್ನುವ ಪ್ರಭುತ್ವವನ್ನು ಅವರು ಅಲ್ಲಿ ಎದುರಿಸಿದ್ದರೆಂಬುದನ್ನು ಮರೆಯಲಾಗದು.

1938ರ ನವೆಂಬರಿನಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್ ಮುಂಬಯಿ ಶಾಸನಸಭೆಯಲ್ಲಿ ಒಂದು ಠರಾವನ್ನು ಮಂಡಿಸಿದರು. ಅದರ ಭಾಷಣವನ್ನು ಸಿದ್ಧಪಡಿಸಿದವರು ಅಂಬೇಡ್ಕರರು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಆ ಪ್ರಾಂತಕ್ಕೇ ಸೇರಿದ್ದುದರಿಂದ ಇದು ಕನ್ನಡಿಗರ ಚರಿತ್ರೆಯ ಭಾಗವೂ ಹೌದು. (ನೆರೆಯ ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನನಿಯಮನದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದಿತ್ತು.) ಠರಾವು ಕೇಳಿದ್ದು ಎರಡನ್ನೇ: ಜನಸಾಮಾನ್ಯರಲ್ಲಿ ತೀವ್ರ ಪ್ರಚಾರ, ಆಚರಣೆಗೆ ತಕ್ಕಷ್ಟು ಸೌಲಭ್ಯ. ಅದರಲ್ಲಿ ಮಕ್ಕಳ ಸಂಖ್ಯೆಗೆ ಮಿತಿಯಿರಲಿಲ್ಲ, ಶಿಕ್ಷೆಯ ಪ್ರಸ್ತಾಪವಿರಲಿಲ್ಲ. ಗರ್ಭ ಬೇಡವೆನ್ನುವ ಹೆಣ್ಣಿಗೆ ಅದನ್ನು ತಡೆಯುವ ಸಾಮರ್ಥ್ಯವಿರಬೇಕು, ಹೆರುವುದು ಅವಳ ಇಚ್ಛೆಗೆ ಬಿಟ್ಟದ್ದಾಗಬೇಕು ಎಂಬುದು ಭಾಷಣದ ತಿರುಳು. ಜರ್ಮನಿ 1933ರ ಕಾಯಿದೆಯಿಂದ, ಅಮೆರಿಕದ ಹಲವು ರಾಜ್ಯಗಳು ಅದಕ್ಕೂ ಮೊದಲೇ, ತಾವು ಅಯೋಗ್ಯರೆಂದು ಬಗೆದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಕಾಲವದು. ಯಾರು ಹೆರಲು ಯೋಗ್ಯರು ಎಂಬ ತೀರ್ಪು ಯಾರದೆಂಬುದು, ಹುಟ್ಟಿನಿಂದಲೇ ಅಯೋಗ್ಯರೆನಿಸಿಕೊಂಡ ಸಮುದಾಯದಿಂದ ಬಂದವರಿಗೆ ಸಣ್ಣ ಮಾತಲ್ಲ. ಆದರೆ ಅದೇ ಭಾಷಣದಲ್ಲಿ ಜನಸಂಖ್ಯೆಯನ್ನು ಬಡತನದೊಡನೆ ಗಂಟುಹಾಕುವ ತರ್ಕವೂ ಪ್ರಬಲವಾಗಿದೆ. ಮುಂದೆ ಒತ್ತಾಯದ ಪಕ್ಷಪಾತಿಗಳು ಎತ್ತಿಕೊಂಡದ್ದು ಇಂಥ ತರ್ಕವನ್ನೇ, ಹೆಣ್ಣಿನ ಇಚ್ಛೆಯನ್ನಲ್ಲ.

ಠರಾವು ಬಹುಮತದಿಂದ ತಿರಸ್ಕೃತವಾಯಿತು. ಭಾರತ ಸರ್ಕಾರ ಕುಟುಂಬಯೋಜನೆಯನ್ನು ಕೈಗೆತ್ತಿಕೊಂಡದ್ದು 1952ರಲ್ಲಿ. ಅಂಬೇಡ್ಕರರು ಕಾನೂನು ಸಚಿವ ಪದವಿಯನ್ನು ತೊರೆದು ಆಗಲೇ ಒಂದು ವರ್ಷವಾಗಿತ್ತು. 1956ರ ಡಿಸೆಂಬರ್ 6ರಂದು ಅವರು ದಿಲ್ಲಿಯಲ್ಲಿ ನಿಧನರಾದರು. ತುರ್ತುಪರಿಸ್ಥಿತಿಯ 1976ರಲ್ಲಿ ಮಹಾರಾಷ್ಟ್ರ ಶಾಸಕಾಂಗವು ಮೂರು ಮಕ್ಕಳ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ.