ಒಂದು ಮಸಿ ಕಲೆಯಿಂದ ಫೌಂಟನ್ ಪೆನ್ನು ಹುಟ್ಟಿತೇ? ವಾಟರ್‌ಮನ್ ಬದುಕಿನ ನಿಜ ಕತೆ, ಕ್ಲಿಕ್ ಇಂಕ್ ಪೆನ್ನಿನ ನಿಜ ಲೆಕ್ಕ

ಹೆಮ್ಮರಗಾಲದಿಂದ ಓದುಗರೊಬ್ಬರು ಒಂದು ಫಾರ್ವರ್ಡ್ ಕಳಿಸಿ, ಎರಡು ಪ್ರಶ್ನೆ ಕೇಳಿದ್ದಾರೆ. ಫಾರ್ವರ್ಡ್‌ನಲ್ಲಿರುವ ಕತೆ ಹೀಗಿದೆ. ನ್ಯೂಯಾರ್ಕಿನ ಇನ್ಶೂರೆನ್ಸ್ ಏಜೆಂಟರೊಬ್ಬರು ದೊಡ್ಡದೊಂದು ಪಾಲಿಸಿಗೆ ಗಿರಾಕಿಯ ಸಹಿ ಹಾಕಿಸುತ್ತಿದ್ದರು. ಅದೇ ಹೊತ್ತಿಗೆ ಪೆನ್ನು ಕಾಗದದ ತುಂಬ ಮಸಿ ಕಕ್ಕಿತು. ಇನ್ನೊಂದು ಕಾಗದ ತರಲು ಅವರು ಓಡಿಹೋಗಿ ಬರುವಷ್ಟರಲ್ಲಿ ಬೇರೊಬ್ಬ ಏಜೆಂಟ್ ಗಿರಾಕಿಯನ್ನು ತನ್ನ ಕಡೆ ಮಾಡಿಕೊಂಡಿದ್ದ. ಆ ಸಿಟ್ಟಿನಲ್ಲಿ ಕೂತು ಅವರು ಜಗತ್ತಿನ ಮೊಟ್ಟಮೊದಲ ಫೌಂಟನ್ ಪೆನ್ನು ಕಂಡುಹಿಡಿದರು. ಕೊನೆಗೆ ಸೋಲೇ ಗೆಲುವಿನ ಮೆಟ್ಟಿಲು ಎಂಬ ನೀತಿ. ಅದರ ಕೆಳಗೆ, ಮುಚ್ಚಳವಿಲ್ಲದ, ಕ್ಲಿಕ್ ಮಾಡಿದರೆ ನಿಬ್ಬು ಹೊರಬರುವ ದುಬಾರಿ ಇಂಕ್ ಪೆನ್ನಿನ ಚಿತ್ರ.

ಈ ಓದುಗರ ಮಗಳಿಗೆ ಈ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮೂರು ಗಂಟೆ ಬರೆದರೆ ಬೆರಳು ಸೋತುಹೋಗುತ್ತದೆ ಎನ್ನುತ್ತಾಳಂತೆ. ಈ ಕತೆ ನಿಜವೇ? ಅಂಥ ಪೆನ್ನು ಕೊಡಿಸಿದರೆ ಕೈನೋವು ಕಡಿಮೆಯಾಗುತ್ತದೆಯೇ? ಇವು ಅವರ ಪ್ರಶ್ನೆಗಳು.

ಚುಟುಕಾಗಿ ಹೇಳುವುದಾದರೆ, ಕತೆಗೆ ಆಧಾರವಿಲ್ಲ. ಇಂಕ್ ಪೆನ್ನಿನಿಂದ ಬೆರಳಿಗೆ ಆರಾಮ ಸಿಗಬಹುದು, ಆದರೆ ಆ ಆರಾಮ ಕ್ಲಿಕ್‌ನಿಂದ ಬರುವುದಲ್ಲ. ವಿವರವಾಗಿ ನೋಡೋಣ.

ಯಾರು ಈ ವಾಟರ್‌ಮನ್?

ಲೂಯಿಸ್ ಎಡ್ಸನ್ ವಾಟರ್‌ಮನ್ ಹುಟ್ಟಿದ್ದು 1837ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡೆಕೇಟರ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಶಾಲೆಯ ಓದು ಹೆಚ್ಚು ಮುಂದುವರಿಯಲಿಲ್ಲ. ಹೊಟ್ಟೆಪಾಡಿಗೆ ಬಡಗಿ ಕೆಲಸ ಮಾಡಿದರು, ಮೇಷ್ಟರಾದರು, ಪುಸ್ತಕ ಮಾರಿದರು, ಶಾರ್ಟ್‌ಹ್ಯಾಂಡ್ ಕಲಿಸಿದರು. ಆಮೇಲೆ ಜೀವವಿಮೆಯ ಕೆಲಸಕ್ಕೆ ಸೇರಿದರು. ಅಂದರೆ ಅವರು ಇನ್ಶೂರೆನ್ಸ್ ಏಜೆಂಟ್ ಆಗಿದ್ದರು ಎಂಬ ಮಾತು ನಿಜ. ಫಾರ್ವರ್ಡ್‌ಗಳು ನಂಬುವಂತೆ ಕಾಣುವುದು ಹೀಗೆಯೇ: ಒಂದು ನಿಜದ ಸುತ್ತ ನಾಲ್ಕು ಕಟ್ಟುಕತೆ.

ಅವರು ಪೆನ್ನಿನ ಕೆಲಸಕ್ಕೆ ಕೈಹಾಕಿದಾಗ ವಯಸ್ಸು ನಲವತ್ತೈದು ದಾಟಿತ್ತು. ಆಗ ಬಹುತೇಕ ಜನ ಬರೆಯುತ್ತಿದ್ದುದು ಮಸಿ ಕುಡಿಕೆಗೆ ಅದ್ದುವ ಲೇಖನಿಯಲ್ಲಿ. ನಾಲ್ಕಾರು ಪದ ಬರೆಯುವುದು, ಮತ್ತೆ ಅದ್ದುವುದು. ನಮ್ಮ ಕಚೇರಿಗಳಲ್ಲೂ ಶಾಲೆಗಳಲ್ಲೂ ಬಹಳ ಕಾಲ ಹೀಗೇ ನಡೆದಿತ್ತು. ಶಾರ್ಟ್‌ಹ್ಯಾಂಡ್ ಕಲಿಸುವವರಿಗೆ, ಊರೂರು ತಿರುಗಿ ಸಹಿ ಹಾಕಿಸುವವರಿಗೆ ಇದೆಷ್ಟು ತೊಡಕಿನ ಕೆಲಸ ಎಂದು ಊಹಿಸಬಹುದು.

ಮೊದಲ ಫೌಂಟನ್ ಪೆನ್ನು ಅವರದೇ?

ಅಲ್ಲ. ಪೆನ್ನಿನ ಹೊಟ್ಟೆಯಲ್ಲೇ ಶಾಯಿ ತುಂಬಿಸುವ ಯೋಚನೆ ಬಹಳ ಹಳೆಯದು. ಪ್ಯಾರಿಸ್‌ನಲ್ಲಿ ಓದುತ್ತಿದ್ದ ರೊಮೇನಿಯಾದ ಪೆಟ್ರಾಕೆ ಪೊಯೆನಾರು ಅವರು 1827ರಲ್ಲೇ ಅಂಥ ಪೆನ್ನಿಗೆ ಫ್ರಾನ್ಸ್‌ನಲ್ಲಿ ಪೇಟೆಂಟ್ ಪಡೆದಿದ್ದರು. ಆಗ ವಾಟರ್‌ಮನ್ ಇನ್ನೂ ಹುಟ್ಟಿಯೇ ಇರಲಿಲ್ಲ. 1880ರ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲೂ ಹಲವು ಬಗೆಯ ಫೌಂಟನ್ ಪೆನ್ನುಗಳಿದ್ದವು. ತೊಂದರೆ ಏನೆಂದರೆ, ಒಂದೋ ಶಾಯಿ ಇಳಿಯುತ್ತಿರಲಿಲ್ಲ, ಇಲ್ಲವೇ ಒಮ್ಮೆಗೇ ಸುರಿದುಬಿಡುತ್ತಿತ್ತು.

ಪೆನ್ನಿನ ಇತಿಹಾಸ ಹುಡುಕುವವರು ಇತ್ತೀಚಿನ ವರ್ಷಗಳಲ್ಲಿ ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ತೆರೆದು ನೋಡಿದಾಗ ಇನ್ನೊಂದು ಹೆಸರು ಸಿಕ್ಕಿತು: ಫ್ರಾಂಕ್ ಹಾಲೆಂಡ್. 1883ರಲ್ಲಿ ನ್ಯೂಯಾರ್ಕಿನಲ್ಲಿ ಪೆನ್ನಿನ ವ್ಯಾಪಾರ ಶುರುಮಾಡಿದವರು ಈ ಹಾಲೆಂಡ್. ಕೆಲವೇ ವಾರಗಳಲ್ಲಿ ಅವರು ಅದನ್ನು ಅರ್ಧಕ್ಕೆ ಬಿಟ್ಟು ಹೋದರು. ಬಿಟ್ಟುಹೋದ ಆ ವ್ಯಾಪಾರವನ್ನು ಎತ್ತಿಕೊಂಡು, ಶಾಯಿ ಹರಿಯುವ ಭಾಗವನ್ನು ತಿದ್ದಿ ಸರಿಮಾಡಿದವರು ವಾಟರ್‌ಮನ್. 1884ರ ಫೆಬ್ರವರಿ 12ರಂದು ಅವರಿಗೆ ಪೇಟೆಂಟ್ ಸಿಕ್ಕಿತು.

ಹಾಗಾದರೆ ಅವರ ಸಾಧನೆ ಏನು?

ಇಲ್ಲೇ ವಿಜ್ಞಾನ ಇರುವುದು. ಮನೆಯಲ್ಲಿ 20 ಲೀಟರಿನ ನೀರಿನ ಕ್ಯಾನ್ ತಲೆಕೆಳಗಾಗಿ ಇಟ್ಟಿರುತ್ತೀರಿ. ನಲ್ಲಿ ತಿರುಗಿಸಿದಾಗ ಗುಳುಗುಳು ಎಂದು ಗುಳ್ಳೆ ಮೇಲೇರುವುದನ್ನು ನೋಡಿದ್ದೀರಲ್ಲವೇ? ನೀರು ಕೆಳಗಿಳಿಯಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಗಾಳಿಗೆ ದಾರಿಯಿಲ್ಲದಿದ್ದರೆ ನೀರು ನಿಲ್ಲುತ್ತದೆ. ದಾರಿ ದೊಡ್ಡದಾದರೆ ಸುರಿಯುತ್ತದೆ.

ಪೆನ್ನಿನಲ್ಲೂ ಇದೇ ಲೆಕ್ಕ. ನಿಬ್ಬಿನ ಕೆಳಗೆ ಒಂದು ಕಪ್ಪು ತುಂಡು ಇರುತ್ತದೆ, ಅದಕ್ಕೆ ಫೀಡ್ ಎನ್ನುತ್ತಾರೆ. ವಾಟರ್‌ಮನ್ ಅದರಲ್ಲಿ ಒಂದು ಗಾಡಿ, ಆ ಗಾಡಿಯ ತಳದಲ್ಲಿ ಕೂದಲೆಳೆಯಂಥ ಸೀಳುಗಳು ಇರುವಂತೆ ಮಾಡಿದರು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಸೀಳು ಶಾಯಿಯನ್ನು ನಿಬ್ಬಿನ ತುದಿಗೆ ಎಳೆದು ತರುತ್ತದೆ. ಖಾಲಿಯಾದಷ್ಟು ಗಾಳಿ ಒಳಗೆ ಹೋಗುತ್ತದೆ. ತುದಿ ಕಾಗದಕ್ಕೆ ತಾಗಿದಾಗ ಮಾತ್ರ ಶಾಯಿ ಇಳಿಯುತ್ತದೆ. ಅವರು ಪೆನ್ನನ್ನು ಕಂಡುಹಿಡಿಯಲಿಲ್ಲ, ಅದನ್ನು ನಂಬಿ ಜೇಬಿನಲ್ಲಿಟ್ಟುಕೊಳ್ಳುವಂತೆ ಮಾಡಿದರು. ಇದೇನು ಸಣ್ಣ ಸಾಧನೆಯಲ್ಲ.

ಶುರುವಿನಲ್ಲಿ ಪೆನ್ನುಗಳನ್ನು ಕೈಯಲ್ಲೇ ಮಾಡಿ, ಒಂದು ಸಿಗಾರ್ ಅಂಗಡಿಯ ಜಾಗದಲ್ಲಿ ಮಾರಿದರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಮೇಲೆ ಬೇಡಿಕೆ ಏರಿತು, ಕಾರ್ಖಾನೆ ಬಂತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಸಿಕ್ಕಿತು. ಮರುವರ್ಷವೇ, 1901ರಲ್ಲಿ, ವಾಟರ್‌ಮನ್ ತೀರಿಕೊಂಡರು.

ಮಸಿ ಕಲೆಯ ಕತೆ ಎಲ್ಲಿಂದ ಬಂತು?

ಅವರು ತೀರಿಕೊಂಡ ಮೇಲೆ ಬಂತು. ಅವರು ಬದುಕಿದ್ದ ಕಾಲದ ಜಾಹೀರಾತುಗಳಲ್ಲಿ ಈ ಕತೆ ಇಲ್ಲ ಎಂದು ಹುಡುಕಿದವರು ಹೇಳುತ್ತಾರೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಂಪನಿಯ ಪ್ರಚಾರದ ಬರಹಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಆಮೇಲೆ ಬಾಯಿಂದ ಬಾಯಿಗೆ ಬೆಳೆಯುತ್ತದೆ. ಒಂದು ಕಡೆ ಕಲೆ ಮಾಡಿದ್ದು ಅದ್ದುವ ಲೇಖನಿ, ಇನ್ನೊಂದು ಕಡೆ ಹೊಸದಾಗಿ ಕೊಂಡ ಫೌಂಟನ್ ಪೆನ್ನು. ಗಿರಾಕಿ ಯಾರು, ಯಾವ ಪಾಲಿಸಿ ಎನ್ನುವುದಕ್ಕೆ ಎಲ್ಲೂ ದಾಖಲೆಯಿಲ್ಲ.

ಇದರಲ್ಲಿ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾಗಿದ್ದು ಹಾಲೆಂಡ್‌ಗೆ, ಅವರ ಹೆಸರೇ ಅಳಿಸಿಹೋಯಿತು. ವಾಟರ್‌ಮನ್‌ಗೂ ಆಯಿತು. ಇನ್ನೊಬ್ಬರು ಕೈಬಿಟ್ಟ ಕೆಲಸವನ್ನು ನಡುವಯಸ್ಸಿನಲ್ಲಿ ಹಿಡಿದು ಸರಿಮಾಡಿದ ತಾಳ್ಮೆ ಹೋಗಿ, ಒಂದು ದಿನದ ಸಿಟ್ಟು ಉಳಿಯಿತು. ಓದುವ ಮಕ್ಕಳಿಗೆ ಹೇಳಬೇಕಾದ ಕತೆ ಯಾವುದು, ನೀವೇ ಯೋಚಿಸಿ.

ನಿಬ್ಬು ಒಳಗೆ ಸೇರಿದ್ದು ಹೇಗೆ?

ಫಾರ್ವರ್ಡ್‌ನ ಚಿತ್ರದಲ್ಲಿರುವ ಕ್ಲಿಕ್ ಪೆನ್ನಿಗೂ ವಾಟರ್‌ಮನ್‌ಗೂ ನೇರ ಸಂಬಂಧವಿಲ್ಲ. ಆದರೆ ಅವರು ತೀರಿಕೊಂಡ ಕೆಲವು ವರ್ಷಗಳಲ್ಲೇ ಅವರ ಕಂಪನಿ ಸೇಫ್ಟಿ ಪೆನ್ನು ಎಂಬುದನ್ನು ತಂದಿತು. ಹಿಂದಿನ ತಿರುಪು ತಿರುಗಿಸಿದರೆ ನಿಬ್ಬು ಶಾಯಿಯೊಳಗೇ ಇಳಿಯುತ್ತಿತ್ತು, ಮೇಲೆ ಮುಚ್ಚಳ ಬಿಗಿದರೆ ಸೋರುತ್ತಿರಲಿಲ್ಲ. ನಿಬ್ಬು ಒಳಗೆಳೆಯುವುದನ್ನು ಮರೆತು ಮುಚ್ಚಳ ಹಾಕಿದರೆ ನಿಬ್ಬು ಜಜ್ಜಿಹೋಗುತ್ತಿತ್ತು.

ಮುಚ್ಚಳವೇ ಬೇಡದ ಪೆನ್ನು ಬಂದದ್ದು 1963ರಲ್ಲಿ, ಜಪಾನಿನ ಪೈಲಟ್ ಕಂಪನಿಯ ಕ್ಯಾಪ್‌ಲೆಸ್. ನಿಬ್ಬು ಒಳಗೆ ಹೋದ ತಕ್ಷಣ ತುದಿಯಲ್ಲಿ ಪುಟ್ಟ ಕದ ಮುಚ್ಚಿಕೊಂಡು ಶಾಯಿ ಒಣಗದಂತೆ ತಡೆಯುತ್ತದೆ. ಆಮೇಲೆ 2009ರಲ್ಲಿ ಜರ್ಮನಿಯ ಲ್ಯಾಮಿ ಡಯಲಾಗ್ 3, 2020ರಲ್ಲಿ ಜಪಾನಿನ ಪ್ಲಾಟಿನಂ ಕ್ಯುರಿಡಾಸ್ ಬಂದವು.

ಕೈಗೆ ಯಾವುದು ಹಿತ?

ತೂಕ: ಕ್ಯಾಪ್‌ಲೆಸ್ ಸುಮಾರು 30 ಗ್ರಾಂ, ಅದರ ತೆಳು ರೂಪವಾದ ಡೆಸಿಮೊ ಸುಮಾರು 20 ಗ್ರಾಂ. ಪ್ಲಾಸ್ಟಿಕ್ ಮೈಯ ಕ್ಯುರಿಡಾಸ್ ಸುಮಾರು 25 ಗ್ರಾಂ. ಡಯಲಾಗ್ 3 ಎಲ್ಲಕ್ಕಿಂತ ಭಾರ, 50 ಗ್ರಾಂಗೆ ಹತ್ತಿರ. ಸಾಮಾನ್ಯ ಬಾಲ್ ಪೆನ್ನು 10 ಗ್ರಾಂ ಸಹ ಇರುವುದಿಲ್ಲ. ಸಹಿ ಹಾಕಲು ಭಾರದ ಪೆನ್ನು ಚೆನ್ನ, ಮೂರು ಗಂಟೆ ಬರೆಯಲು ಹಗುರವಾದದ್ದೇ ಮೇಲು.

ಕ್ಲಿಪ್: ಈ ಪೆನ್ನುಗಳನ್ನು ಜೇಬಿನಲ್ಲಿ ನಿಬ್ಬು ಮೇಲಾಗಿ ಇಡಬೇಕು. ಹಾಗಾಗಿ ಕ್ಲಿಪ್ ಇರುವುದು ನಿಬ್ಬಿನ ಕಡೆ, ಬೆರಳು ಹಿಡಿಯುವ ಜಾಗದಲ್ಲೇ. ಹೆಬ್ಬೆರಳು, ತೋರುಬೆರಳ ನಡುವೆ ಪೆನ್ನು ಹಿಡಿಯುವವರಿಗೆ ಅದು ಹಿಡಿತದ ಗುರುತಿನಂತೆ ಒಗ್ಗುತ್ತದೆ. ಬೇರೆ ರೀತಿ ಹಿಡಿಯುವವರಿಗೆ, ಕೆಲವು ಎಡಗೈಯವರಿಗೆ ಹತ್ತು ನಿಮಿಷದಲ್ಲೇ ಚುಚ್ಚತೊಡಗುತ್ತದೆ. ಕ್ಯುರಿಡಾಸ್‌ನ ಕ್ಲಿಪ್ ತೆಗೆಯಬಹುದು.

ನಿಬ್ಬು: ಕ್ಯಾಪ್‌ಲೆಸ್‌ನ ಹೆಚ್ಚಿನ ಮಾದರಿಗಳಲ್ಲೂ ಡಯಲಾಗ್ 3ರಲ್ಲೂ ಚಿನ್ನದ ನಿಬ್ಬು, ತುಸು ಮೆತ್ತಗೆ ಓಡುತ್ತದೆ. ಕ್ಯುರಿಡಾಸ್‌ನದು ಉಕ್ಕಿನದು, ಗಡಸು. ಆದರೆ ನುಣುಪನ್ನು ತೀರ್ಮಾನಿಸುವುದು ನಿಬ್ಬಿನ ತುದಿಯ ಗಟ್ಟಿ ಲೋಹದ ಗುಂಡು ಮತ್ತು ಅದನ್ನು ತೀಡಿದ ರೀತಿ. ಚೆನ್ನಾಗಿ ತೀಡಿದ ಉಕ್ಕಿನ ನಿಬ್ಬೂ ನುಣ್ಣಗೆ ಬರೆಯುತ್ತದೆ.

ಬೆಲೆ: ಎಲ್ಲವೂ ಸಾವಿರಾರು ರೂಪಾಯಿ.

ಕೈನೋವಿನ ಮಾತು

ಬಾಲ್ ಪೆನ್ನಿನ ಶಾಯಿ ಅಂಟಂಟು, ಗುಂಡು ಉರುಳಲು ಕೈ ಒತ್ತಬೇಕು. ಫೌಂಟನ್ ಪೆನ್ನಿನ ಶಾಯಿ ನೀರಿನಂಥದ್ದು, ತಾಗಿಸಿದರೆ ಸಾಕು. ವಾಟರ್‌ಮನ್ ಸರಿಮಾಡಿದ ಆ ಸೀಳೇ ಕೆಲಸ ಮಾಡುತ್ತದೆ, ಬೆರಳಲ್ಲ. ಆರಾಮ ಬರುವುದು ಅಲ್ಲಿಂದ. ಆ ಸೀಳು ಕಡಿಮೆ ಬೆಲೆಯ ಮುಚ್ಚಳದ ಇಂಕ್ ಪೆನ್ನಿನಲ್ಲೂ ಇದೆ. ಕ್ಲಿಕ್‌ಗೆ ಕೊಡುವ ಹಣ ಮುಚ್ಚಳ ತೆಗೆಯುವ ಕೆಲಸ ಉಳಿಸುತ್ತದೆ, ಅಷ್ಟೆ.

ಬಾಲ್ ಪೆನ್ನಿನ ಅಭ್ಯಾಸದಲ್ಲಿ ಇಂಕ್ ಪೆನ್ನನ್ನೂ ಒತ್ತಿ ಬರೆದರೆ ನೋವು ಹಾಗೇ ಉಳಿಯುತ್ತದೆ, ನಿಬ್ಬೂ ಬಾಗುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಹೊಸ ಪೆನ್ನು ಕೊಡಬೇಡಿ. ತಿಂಗಳ ಮುಂಚೆಯೇ ಕೊಟ್ಟು, ಹಳೆಯ ಪ್ರಶ್ನೆಪತ್ರಿಕೆಗೆ ಅದರಲ್ಲೇ ಉತ್ತರ ಬರೆಸಿ. ತೆಳು ಕಾಗದದಲ್ಲಿ ಶಾಯಿ ಹರಡುತ್ತದೆಯೇ ನೋಡಿ. ಇಂಕ್ ಪೆನ್ನು ಒಗ್ಗದಿದ್ದರೆ ಜೆಲ್ ಪೆನ್ನಿಗೂ ಒತ್ತಡ ಕಡಿಮೆ ಸಾಕು.

ಶಾಯಿಯ ಬಗ್ಗೆ ಒಂದು ಮಾತು. ಫೌಂಟನ್ ಪೆನ್ನಿಗೆ ಅದಕ್ಕೆಂದೇ ಮಾಡಿದ ಶಾಯಿ ಮಾತ್ರ ಹಾಕಿ. ಅರಗು ಬೆರೆತ ಡ್ರಾಯಿಂಗ್ ಇಂಕ್ ಹಾಕಿದರೆ ಒಣಗಿ ಸೀಳು ಕಟ್ಟಿಕೊಳ್ಳುತ್ತದೆ. ನಮ್ಮ ಮೈಸೂರಿನಲ್ಲಿ ತಯಾರಾಗಿ 1962ರಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯ ಕೆಲಸ ಅಳಿಯದೆ ಕೂರುವುದು. ಪೆನ್ನಿನ ಶಾಯಿಯ ಕೆಲಸ ನಿಲ್ಲದೆ ಹರಿಯುವುದು.

ಬರೆಯದಿರುವಾಗಲೂ ಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ವಾರಗಟ್ಟಲೆ ಉಳಿದರೆ, ಪೆನ್ನು ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಆ ಕತೆ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ಇಷ್ಟು ಸೇರಿಸಿ ಕಳಿಸಿ: ಪೆನ್ನು ಸಿಟ್ಟಿನಿಂದ ಹುಟ್ಟಲಿಲ್ಲ. ಒಬ್ಬರು ಶುರುಮಾಡಿ ಬಿಟ್ಟಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ತಿದ್ದಿದರು. ಮೊದಲನೆಯವರ ಹೆಸರು ಫ್ರಾಂಕ್ ಹಾಲೆಂಡ್.